ಹೆರಿಗೆ ನೋವನ್ನು ಔಷಧವಿಲ್ಲದೆ ನಿಭಾಯಿಸುವ ಬಗೆ

ಚೊಚ್ಚಲ ಹೆರಿಗೆಯಲ್ಲಿ ನೋವು ಆರಂಭವಾಗಿ ಗರ್ಭಕಂಠ (ಗರ್ಭಕೋಶದ ಬಾಯಿ) 5 ಸೆಂಟಿಮೀಟರಿನಷ್ಟು ತೆರೆಯಲು ಬಹಳ ಹೊತ್ತು ಹಿಡಿಯಬಹುದು. ಅದನ್ನೆಲ್ಲ ಮಲಗಿಯೇ ಕಳೆಯಬೇಕಾಗಿಲ್ಲ. ಮುಂಬಯಿಯ ಒಂದೇ ಕೋಣೆಯ ಮನೆಯಲ್ಲೂ ಗೋಡೆ ಹಿಡಿದು ನಿಧಾನವಾಗಿ ನಡೆಯಬಹುದು, ಕುರ್ಚಿಯ ಬೆನ್ನಿಗೆ ಬಾಗಿ ಸೊಂಟವನ್ನು ಎಡಬಲಕ್ಕೆ ತೂಗಬಹುದು.

ನೋವು ಏರುವಾಗ ಮೂಗಿನಿಂದ ಉಸಿರೆಳೆದು, ಬಾಯಿಯಿಂದ ಇನ್ನೂ ನಿಧಾನವಾಗಿ ಬಿಡಬೇಕು; ಅವಸರದ ಉಸಿರಾಟದಿಂದ ತಲೆ ಸುತ್ತುತ್ತದೆ. ದವಡೆ, ಭುಜಗಳು ಸಡಿಲವಾಗಿರಲಿ.

ನೋವು ಬೆನ್ನಿನಲ್ಲೇ ಹೆಚ್ಚಾಗಿದ್ದರೆ, ಜೊತೆಗಿರುವವರು ಪ್ರತಿ ನೋವಿನ ಆರಂಭದಿಂದ ಕೊನೆಯವರೆಗೆ ಬೆನ್ನುಮೂಳೆಯ ಕೆಳತುದಿಯ ಚಪ್ಪಟೆ ಭಾಗವನ್ನು ಅಂಗೈಯ ಬುಡದಿಂದ ಒಂದೇ ಸಮನೆ ಒತ್ತಿ ಹಿಡಿಯಬೇಕು. ಎಷ್ಟು ಒತ್ತಬೇಕೆಂಬುದನ್ನು ಹೆರುವವಳೇ ಹೇಳಲಿ. ಸರಳ ಉಪಾಯಗಳಲ್ಲಿ ಇದೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಇಡಬಹುದು. ಆಗಾಗ ಮೂತ್ರ ವಿಸರ್ಜಿಸಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗೊಬ್ಬರು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಅನುಮತಿಸಿದೆ. ವಿಜಯಪುರದಿಂದಲೋ ಕಲಬುರಗಿಯಿಂದಲೋ ಈಚೆಗೆ ಮುಂಬಯಿಗೆ ಬಂದ ಸೊಸೆಗೆ, ತಾನೂ ಹೆತ್ತಿರುವ, ದಾದಿಯರೊಡನೆ ಮರಾಠಿಯಲ್ಲಿ ಮಾತಾಡಬಲ್ಲ ಅತ್ತಿಗೆಯೋ ನಾದಿನಿಯೋ ಜೊತೆಗಿದ್ದರೆ ಅರ್ಧ ದಿಗಿಲು ಇಳಿಯುತ್ತದೆ. ಇಷ್ಟಾಗಿಯೂ ತಾಳಲಾಗದಿದ್ದರೆ ಔಷಧ ಕೇಳಲು ಸಂಕೋಚ ಬೇಡ.

ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯೆನಿಸಿದರೆ ಈ ಉಪಾಯಗಳಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಬೇಕು. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬೇಕು.