ಜಾಂಬಿ ಬಂದರೆ ಯಾವ ಕತ್ತಿ ಹಿಡಿಯೋದು?

ನವರಾತ್ರಿಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಚೀಲದಿಂದ ಮೂರಡಿ ಉದ್ದದ ಕರಿ ಕೋಲೊಂದನ್ನು ತೆಗೆದು ಜಗಲಿಯ ಮೇಲಿಟ್ಟ. ಕೊಡೆ ಇರಬೇಕು ಅಂದುಕೊಂಡೆ. ಎಳೆದರೆ ಒಳಗಿಂದ ಫಳಫಳ ಹೊಳೆಯುವ ಜಪಾನಿ ಖಡ್ಗ ಬಂತು. 'ಕಟಾನಾ, ಚಿಕ್ಕಮ್ಮ. ಜಾಂಬಿ ಬಂದ್ರೆ ಇರ್ಲಿ ಅಂತ ಆನ್‌ಲೈನಲ್ಲಿ ತರಿಸ್ದೆ' ಅಂದ.

ಜಾಂಬಿ ಅಂದರೆ ಎಂತದು ಅಂತಲೂ ಅವನೇ ಹೇಳಿದ. ಸತ್ತವರು ಎದ್ದು ಓಡಾಡುತ್ತಾರಂತೆ. ಸಿಕ್ಕಿದವರನ್ನು ಕಚ್ಚುತ್ತಾರಂತೆ, ಕಚ್ಚಿಸಿಕೊಂಡವರೂ ಅದೇ ಗುಂಪಿಗೆ ಸೇರುತ್ತಾರಂತೆ. ನೋವಿಲ್ಲ, ಸುಸ್ತಿಲ್ಲ, ನಾಚಿಕೆಯಂತೂ ಇಲ್ಲ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಬೀಳುತ್ತಾರಂತೆ. ನಕ್ಕು ಒಳಗೆ ಹೋಗುತ್ತಿದ್ದೆ, ಅಷ್ಟರಲ್ಲಿ ಫೋನು ಮುಂದೆ ಹಿಡಿದ. 2011ರಲ್ಲಿ ಅಮೆರಿಕದ ರೋಗ ನಿಯಂತ್ರಣದ ಸಂಸ್ಥೆ ಸಿಡಿಸಿಯೇ ಜಾಂಬಿಯ ನೆಪ ಮಾಡಿಕೊಂಡು ಜನರಿಗೆ ವಿಪತ್ತಿನ ತಯಾರಿ ಹೇಳಿಕೊಟ್ಟಿತ್ತು. ಪಟ್ಟಿಯಲ್ಲಿ ನೀರು, ಊಟ, ಔಷಧಿ, ರೇಡಿಯೊ, ಸೋಪು, ಟವೆಲ್ಲು ಎಲ್ಲ ಇತ್ತು. ಅಲಗು ಇರುವ ವಸ್ತು ಅಂದರೆ ಒಂದು ಸಣ್ಣ ಚಾಕು, ಅಷ್ಟೇ. ಪಟ್ಟಿ ಬರೆದವರು ಯಾರೋ ಸಂಸಾರಸ್ಥರೇ ಇರಬೇಕು ಅನ್ನಿಸಿತು. ಕಾಡಿನ ಕಡೆಯಿಂದ ರೋಗ ಬರುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಇಲ್ಲೇ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗಿಗೆ ಹೆದರಿ ಮೈಗೆ ಎಣ್ಣೆ ಬಳಿದುಕೊಂಡು, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಹೋದವರು ನಾವು.

ಸಾಗರದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ 32 ವರ್ಷದಿಂದ ಕತ್ತಿ ಹಿಡಿದವಳು ನಾನು. ಹಾಗಾಗಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲಗನ್ನು ಆಮೇಲೆ ನೋಡಿ, ಮೊದಲು ಹಿಡಿಯ ಒಳಗೆ ಏನಿದೆ ಅಂತ ನೋಡಿ. ಗೊನೆ ಕಡಿದಾಗಿದ್ದ ಒಂದು ಬಾಳೆಮರ ತೋರಿಸಿ 'ಹೊಡಿ ನೋಡುವಾ' ಅಂದೆ. ಸುಂಯ್ ಅಂತ ಒಂದೇ ಏಟಿಗೆ ತುಂಡಾಯಿತು, ಅವನ ಮುಖ ನೋಡಬೇಕಿತ್ತು. ಬಾಳೆದಿಂಡಿನಲ್ಲಿ ಇರುವುದೇ ನೀರು, ಅದನ್ನು ಕಡಿದದ್ದು ಲೆಕ್ಕಕ್ಕಿಲ್ಲ. ಕೊಟ್ಟಿಗೆ ಪಕ್ಕ ಬಿದ್ದಿದ್ದ ಒಣ ಅಡಿಕೆಮರದ ತುಂಡಿಗೆ ಹೊಡೆ ಅಂದೆ. ಮೊದಲ ಏಟಿಗೆ ಕೈ ಜುಮ್ಮೆಂದಿತು. ಎರಡನೆಯದಕ್ಕೆ ಟಕ್ ಅಂತ ಸದ್ದಾಯಿತು, ಹಿಡಿ ಅವನ ಕೈಯಲ್ಲೇ ಉಳಿಯಿತು. ಅಲಗು ಮಾತ್ರ ಹಾರಿ ಅಂಗಳದ ತುಳಸಿಕಟ್ಟೆಯಿಂದ ನಾಲ್ಕಡಿ ಆಚೆ ಬಿತ್ತು. ಕೊಟ್ಟಿಗೆಯಲ್ಲಿದ್ದ ಗೌರಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಹಿಡಿಗೆ ಸುತ್ತಿದ್ದ ದಾರ ಬಿಚ್ಚಿ ನೋಡಿದರೆ ಪೆನ್ಸಿಲಿನಷ್ಟು ದಪ್ಪದ ಕಂಬಿ. ಅದನ್ನು ಅಲಗಿನ ಬುಡಕ್ಕೆ ಒಂದು ಚುಕ್ಕೆ ವೆಲ್ಡಿಂಗ್ ಮಾಡಿ ಅಂಟಿಸಿದ್ದರು. ಗೋಡೆಗೆ ತೂಗುಹಾಕಲು ಮಾಡಿದ ವಸ್ತು ಅದು. ಜಪಾನಿನವರು ನಿಜವಾಗಿ ಮಾಡುವ ಕಟಾನಾದಲ್ಲಿ ಅಲಗಿನದೇ ಉಕ್ಕು ಹಿಡಿಯೊಳಗೆ ಉದ್ದಕ್ಕೂ ಇಳಿದಿರುತ್ತದೆ, ಅದನ್ನು ಬಿದಿರಿನ ಗೂಟದಿಂದ ಬಂಧಿಸಿರುತ್ತಾರೆ. ಆ ಮಾತೇ ಬೇರೆ, ಆ ಬೆಲೆಯೂ ಬೇರೆ.

ನನ್ನ ಕತ್ತಿಯ ಉಕ್ಕಿನ ಬಾಲ ಮರದ ಹಿಡಿಯನ್ನು ತೂರಿ ಆಚೆ ಬಂದಿದೆ, ತುದಿಯನ್ನು ಮಡಚಿ ಬಡಿದಿದ್ದಾರೆ. ಬುಡಕ್ಕೊಂದು ಕಬ್ಬಿಣದ ಬಳೆ ಇದೆ, ಸಂದಿಗೆ ಅರಗು ತುಂಬಿದೆ. ಅಲುಗಾಡಿದರೆ ಕಣ್ಣಿಗೆ ಕಾಣುತ್ತದೆ, ಹಿಡಿ ಸೀಳಿದರೆ ಸಂಜೆಯೊಳಗೆ ಬೇರೆ ಹಾಕಬಹುದು. ಮಳೆಗಾಲದಲ್ಲಿ ಜಾರದಂತೆ ಹಳೇ ಸೈಕಲ್ ಟ್ಯೂಬು ಸುತ್ತಿದ್ದೇನೆ. ಹಿಡಿ ದಪ್ಪ ಇದ್ದಷ್ಟೂ ಗಟ್ಟಿ ಅನ್ನುವುದು ಗಂಡಸರ ಭ್ರಮೆ. ಮುಷ್ಟಿ ಮುಚ್ಚಿದಾಗ ಬೆರಳ ತುದಿ ಅಂಗೈಯನ್ನು ಇನ್ನೇನು ಮುಟ್ಟುವಷ್ಟಿದ್ದರೆ ಸರಿ. ಅದಕ್ಕಿಂತ ದಪ್ಪವಾದರೆ ಹತ್ತು ನಿಮಿಷದಲ್ಲಿ ಮೊಣಕೈ ಹಿಡಿದುಕೊಳ್ಳುತ್ತದೆ.

ತೂಕಕ್ಕೆ ಬರುತ್ತೇನೆ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲೇ ಇತ್ತು, ಒಂದೊಂದನ್ನೇ ಇಟ್ಟು ನೋಡಿದೆವು. ಮುರಿದ ಕಟಾನಾ ಹಿಡಿಯೂ ಸೇರಿ 1 ಕಿಲೋ 100 ಗ್ರಾಂ, ಕೊಡಲಿ 1 ಕಿಲೋ 900, ನನ್ನ ಕತ್ತಿ 720 ಗ್ರಾಂ. 'ಕೊಡಲಿನೇ ಬೆಸ್ಟು' ಅಂದ ಹುಡುಗ. ಒಂದು ಏಟಿಗಾದರೆ ಹೌದು. ಆದರೆ ಅವನೇ ಹೇಳಿದ ಹಾಗೆ ಜಾಂಬಿಗಳು ಒಂದರ ಹಿಂದೆ ಒಂದು ಬರುತ್ತವೆ, ಸುಸ್ತಾಗುವುದು ನಮಗೆ ಮಾತ್ರ. ಬೆಳಿಗ್ಗೆ ಎಂಟಕ್ಕೆ ಸೊಪ್ಪಿಗೆ ಹೋದವರ ಕೈ ಹನ್ನೊಂದು ಗಂಟೆಗೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಆಗ ಬೀಸುವುದು ತೋಳಲ್ಲ, ಕತ್ತಿಯ ತೂಕ. ತೂಕ ಮುಂದಕ್ಕಿರಬೇಕು, ಆದರೆ ಮಣಿಕಟ್ಟನ್ನು ಎಳೆಯಬಾರದು. ಅಂಗಡಿಯಲ್ಲಿ ಆರಿಸುವಾಗ ಕೈ ಚಾಚಿ ಹಿಡಿದು ನೂರು ಎಣಿಸಿ. ಅರವತ್ತಕ್ಕೆ ತುದಿ ನಡುಗಿದರೆ ಕೆಳಗಿಡಿ, ಅದು ನಿಮ್ಮದಲ್ಲ.

ಇನ್ನು ಸಿಕ್ಕಿಕೊಳ್ಳುವ ತಾಪತ್ರಯ. ಇದನ್ನು ಯಾರೂ ಯೋಚಿಸುವುದಿಲ್ಲ. ತಲೆಬುರುಡೆಗೆ ಹತ್ತಿರದ ವಸ್ತು ನಮ್ಮಲ್ಲಿ ತೆಂಗಿನಕಾಯಿ, ಹಾಗಾಗಿ ದಿಮ್ಮಿಗೆ ಗೋಣಿ ಹಾಸಿ ಮೂರು ಕಾಯಿ ಇಟ್ಟೆವು. ಕೊಡಲಿ ಏಟಿಗೆ ಕಾಯಿಯೇನೋ ಎರಡಾಯಿತು, ಕೊಡಲಿ ಮಾತ್ರ ಕೆಳಗಿನ ದಿಮ್ಮಿಯಲ್ಲಿ ಹೂತುಹೋಯಿತು. ಅದನ್ನು ಕಾಲು ಕೊಟ್ಟು ಎರಡೂ ಕೈಯಿಂದ ಅಲ್ಲಾಡಿಸಿ ತೆಗೆಯುವಷ್ಟರಲ್ಲಿ ನಾನು ಹನ್ನೆರಡು ಎಣಿಸಿದ್ದೆ. ಹನ್ನೆರಡು ಎಣಿಸುವಷ್ಟರಲ್ಲಿ ಪಕ್ಕದ ಜಾಂಬಿ ನಿಮ್ಮ ಭುಜದ ಹತ್ತಿರ ಬಂದಿರುತ್ತದೆ. ಕತ್ತಿಯ ಬಾಯಿಂದ ಹೊಡೆದರೆ ಅರ್ಧ ಇಳಿದು ಕಚ್ಚಿಕೊಂಡಿತು. ಮೂರನೆಯದನ್ನು ನಾನು ದಿನಾ ಬೆಳಿಗ್ಗೆ ಒಡೆಯುವ ಹಾಗೇ ಒಡೆದೆ, ಕತ್ತಿ ತಿರುಗಿಸಿ ಬೆನ್ನಿನಿಂದ, ಕಾಯಿಯ ನಡುವಿಗೆ. ಎರಡು ಏಟಿಗೆ ಹೋಳಾಯಿತು, ಕತ್ತಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. ಇದರಲ್ಲಿ ನೋಡುವಂಥದ್ದು ಎಂತ ಇದೆ, ಚಟ್ನಿ ಮಾಡುವ ಹೆಂಗಸರಿಗೆಲ್ಲ ಗೊತ್ತಿರುವ ವಿದ್ಯೆ.

ಹಾಗಾಗಿ ಕಾಲು ಇಂಚಾದರೂ ದಪ್ಪದ ಬೆನ್ನಿರುವ ಕತ್ತಿ ಆರಿಸಿ. ಬೆನ್ನು ತಲೆಗೆ, ಬಾಯಿ ಕಾಲಿಗೆ. ನೋವಿಲ್ಲದವನಿಗೂ ಮೊಣಕಾಲ ಹಿಂದಿನ ಸ್ನಾಯು ಕಡಿದರೆ ನಡೆಯಲು ಬರುವುದಿಲ್ಲ. ತುದಿಯ ಕೊಕ್ಕು ಎಳೆದು ಬೀಳಿಸುವುದಕ್ಕೆ. ಬಳ್ಳಿ ಎಳೆಯಲು ಮಾಡಿದ ಕೊಕ್ಕು ಅದು, ಕಾಲಿಗೂ ಆದೀತು. ಅಲಗು 10ರಿಂದ 12 ಇಂಚು ಸಾಕು. ಮೂರಡಿ ಖಡ್ಗ ಬಯಲಿನ ಕುದುರೆ ಸವಾರನಿಗೆ. ನಮ್ಮ ಅಟ್ಟದ ಮೆಟ್ಟಿಲಲ್ಲಿ, ಅಡಿಕೆಮರಗಳ ಸಂದಿಯಲ್ಲಿ, ಬೆಂಗಳೂರಿನ ಲಿಫ್ಟಿನಲ್ಲಿ ಅದನ್ನು ಎತ್ತುವುದಕ್ಕೂ ಜಾಗ ಇರುವುದಿಲ್ಲ.

ಊರಿಗೊಂದು ಕತ್ತಿ. ಮಂಡ್ಯದ ಕಡೆಯವರು ಕಬ್ಬಿನ ಮಚ್ಚು ಬಿಟ್ಟು ಬೇರೆ ಹುಡುಕುವುದು ಬೇಡ. ಎಳನೀರು ಕೆತ್ತುವ ಮಚ್ಚು ಇನ್ನೂ ಒಳ್ಳೆಯದು. ದಿನಕ್ಕೆ ಇನ್ನೂರು ಕಾಯಿ ಕೆತ್ತುವವರ ಕೈ ನೋಡಿ, ಒಂದು ಏಟೂ ದಂಡ ಇಲ್ಲ. ಕೊಡಗಿನವರ ಒಡಿಕತ್ತಿಗೆ ನಾನು ಸೋತಿದ್ದೇನೆ. ಅಗಲವಾದ ಬಾಗಿದ ಅಲಗು, ಹರಿತ ಇರುವುದು ಬಾಗಿನ ಒಳಮೈಯಲ್ಲಿ, ಬೆನ್ನ ಹಿಂದೆ ತೋಡಂಗ್ ಅನ್ನುವ ಕೊಕ್ಕೆಗೆ ಸಿಕ್ಕಿಸಿಕೊಂಡರೆ ಎರಡೂ ಕೈ ಖಾಲಿ. ಅವರ ಮದುವೆಯಲ್ಲಿ ಬಾಳೆ ಕಡಿಯುವುದು ಇದರಲ್ಲೇ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಜೊತೆ ಇದಕ್ಕೂ ಪೂಜೆ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮಾತ್ರ ಬೆಳ್ಳಿ ಕೆಲಸದ ಚೆಂದಕ್ಕೆ, ಅದನ್ನು ನಂಬಿ ಹೊರಗೆ ಹೋಗಬೇಡಿ.

ಬೇಡದವೂ ಇವೆ. ಹಲ್ಲಿನ ಕುಡುಗೋಲು ಎಳೆದು ಕೊಯ್ಯಲು ಮಾಡಿದ್ದು, ಭತ್ತದ ಬುಡ ಸುಮ್ಮನೆ ನಿಲ್ಲುತ್ತದೆ, ಜಾಂಬಿ ನಿಲ್ಲುವುದಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಈಳಿಗೆಮಣೆ ಎರಡರಲ್ಲೂ ಅಲಗು ಅಲ್ಲಾಡುವುದಿಲ್ಲ, ವಸ್ತುವೇ ಅಲಗಿನ ಹತ್ತಿರ ಬರಬೇಕು. ಸುಲಿಯುವ ಸೀಸನ್ನಿನಲ್ಲಿ ಡಬ್ಬಗಟ್ಟಲೆ ಅಡಿಕೆ ಸುಲಿದ ಕೈಗೂ ಜಾಂಬಿಯನ್ನು ಕರೆದು ಎದುರಿಗೆ ಕೂರಿಸಿಕೊಳ್ಳಲು ಆಗುವುದಿಲ್ಲ. ಕಳೆ ಹೊಡೆಯುವ ಮಷೀನು ತರೋಣ ಅಂದರು ನಮ್ಮನೆಯವರು. ಅದಕ್ಕೆ ಪೆಟ್ರೋಲು ಬೇಕು, ಆಯಿಲ್ ಬೆರೆಸಬೇಕು, ಅದರ ಸದ್ದು ಮೂರು ಊರಿಗೆ ಕೇಳುತ್ತದೆ, ಮೇಲಿಂದ ಎಲ್ಲವನ್ನೂ ನಮ್ಮ ಮುಖಕ್ಕೇ ಎರಚುತ್ತದೆ. ಅದರ ಜೊತೆ ಬಂದ ಮುಖದ ಪರದೆಯನ್ನು ಮಾತ್ರ ಇಟ್ಟುಕೊಳ್ಳಿ. ಕಣ್ಣಿಗೆ, ಬಾಯಿಗೆ ಹನಿ ಬೀಳುವುದೂ ಕಚ್ಚಿಸಿಕೊಂಡಷ್ಟೇ ಅಪಾಯ. ಒಂದು ವೇಳೆ ಕಚ್ಚಿದರೆ ಹುಚ್ಚುನಾಯಿ ಕಚ್ಚಿದಾಗ ಮಾಡುವುದನ್ನೇ ಮಾಡಿ: ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಜಾಂಬಿಗೆ ಮದ್ದಿಲ್ಲದಿರಬಹುದು, ನಾಯಿ ಕಡಿತಕ್ಕಂತೂ ಇದು ನಿಜವಾಗಿ ಜೀವ ಉಳಿಸುತ್ತದೆ.

ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು, ದೋಟಿಯ ಬಗ್ಗೆ ನನಗೆ ಆಸೆಯಿದೆ. ಈಗಿನ ಕಾರ್ಬನ್ ಫೈಬರ್ ದೋಟಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯಲು ಅರವತ್ತು ಅಡಿ ಮೇಲೆ ಹೋಗುತ್ತದೆ. ಅದರ ಎರಡೇ ತುಂಡು ಜೋಡಿಸಿ ಅಟ್ಟದ ಕಿಟಕಿಯಿಂದ ಕೆಳಗೆ ಬಿಟ್ಟರೆ ಹೇಗೆ? ನಮ್ಮ ಕೊನೆಗಾರನನ್ನು ಕೇಳಿದೆ. ಅವನು ಗಂಭೀರವಾಗಿ ಯೋಚಿಸಿ 'ಅಮ್ಮ, ಅದರ ರೇಟು ಗೊತ್ತಲ್ಲ, ಜಾಂಬಿ ಮೇಲೆ ಮುರ್ಕಳದು ಬ್ಯಾಡ' ಅಂದ.

ಉಕ್ಕಿನ ವಿಚಾರಕ್ಕೆ ಕುಲುಮೆಗೇ ಹೋಗಬೇಕು. ಸ್ಟೇನ್‌ಲೆಸ್ ಹೊಳೆಯುತ್ತದೆ, ಬೇಗ ತುಕ್ಕು ಹಿಡಿಯುವುದಿಲ್ಲ, ಆದರೆ ಉದ್ದ ಅಲಗಿಗೆ ಅಗ್ಗದ ಸ್ಟೇನ್‌ಲೆಸ್ ಹಾಕಿದರೆ ಒಂದೋ ಬಾಗುತ್ತದೆ ಇಲ್ಲ ಮುರಿಯುತ್ತದೆ. ನಮ್ಮ ಆಚಾರ್ರು ಕತ್ತಿ ಮಾಡುವುದು ಲಾರಿಯ ಹಳೇ ಪಾಟಾದಿಂದ, ಅಂದರೆ ಸ್ಪ್ರಿಂಗ್ ಪಟ್ಟಿಯಿಂದ. ಅಷ್ಟು ವರ್ಷ ಗುಂಡಿ ರಸ್ತೆಯಲ್ಲಿ ಬಾಗಿ ಎದ್ದ ಉಕ್ಕು ತೆಂಗಿನಕಾಯಿಗೆ ಹೆದರುತ್ತದೆಯೇ? ಬಡಿದು ರೂಪ ಬಂದ ಮೇಲೆ ಹದ ಹಾಕುವುದೇ ಮುಖ್ಯ. ಅವರು ಮಧ್ಯಾಹ್ನ ಹದ ಹಾಕುವುದಿಲ್ಲ. ಬಿಸಿಲಿನಲ್ಲಿ ಕೆಂಡದ ಬಣ್ಣ ಸರಿಯಾಗಿ ಕಾಣುವುದಿಲ್ಲ ಅನ್ನುತ್ತಾರೆ. ಮುಸ್ಸಂಜೆಯಲ್ಲಿ ತಿದಿ ಒತ್ತಿ, ಅಲಗು ಅಯಸ್ಕಾಂತಕ್ಕೆ ಅಂಟುವುದು ಬಿಡುವವರೆಗೆ ಕಾಸುತ್ತಾರೆ, ಸುಮಾರು 770 ಡಿಗ್ರಿಗೆ ಹಾಗಾಗುತ್ತದೆ. ಇನ್ನೂ ತುಸು ಕೆಂಪೇರಿಸಿ ಎಣ್ಣೆಗೆ ಅದ್ದುತ್ತಾರೆ. ಆಗ ಅದು ಗಾಜಿನ ಹಾಗೆ ಗಡುಸು, ಬಿದ್ದರೆ ಒಡೆದೀತು. ಮೇಲ್ಮೈ ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ಮೆಲ್ಲಗೆ ಬಿಸಿ ಕೊಡುತ್ತಾರೆ. ಬೆನ್ನು ನೀಲಿಗೆ ತಿರುಗುತ್ತದೆ, ಬಾಯಿ ಒಣಹುಲ್ಲಿನ ಹಳದಿಗೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿಬಿಡಬೇಕು. ನೀಲಿ ಬಾಯಿಗೂ ಹರಿದರೆ ಕತ್ತಿ ಮೆತ್ತಗಾಯಿತು ಅಂತ ಲೆಕ್ಕ.

ಕೊಳ್ಳುವವರಿಗೆ ಇಷ್ಟೆಲ್ಲ ನೋಡಲು ಸಿಗುವುದಿಲ್ಲ. ಒಂದು ಹೊಸ ಅರ ಜೇಬಿನಲ್ಲಿಟ್ಟುಕೊಂಡು ಹೋಗಿ, ಬಾಯಿಗೆ ಒಮ್ಮೆ ಎಳೆಯಿರಿ. ಬೆಣ್ಣೆಯ ಹಾಗೆ ತಿಂದರೆ ಮೆದು, ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಅತಿ ಗಡುಸು. ಕಷ್ಟಪಟ್ಟು ಸ್ವಲ್ಪ ಕಚ್ಚಿದರೆ ದುಡ್ಡು ಕೊಡಿ. ಅಂಗಡಿಯವರು ಬೈದರೆ ಬೈಸಿಕೊಳ್ಳಿ.

ಮಸೆಯುವುದಕ್ಕೆ ನಮ್ಮ ಅತ್ತೆ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಉಜ್ಜುತ್ತಿದ್ದರು, ನಾನು ಕಲ್ಲಿನಲ್ಲೇ ಮಸೆಯುತ್ತೇನೆ. ಗಡ್ಡ ಹೆರೆಯುವಷ್ಟು ಹರಿತ ಬೇಡ, ಅಷ್ಟು ತೆಳ್ಳಗಿನ ಬಾಯಿ ಮೂಳೆಗೆ ತಾಗಿದರೆ ಹಲ್ಲಾಗುತ್ತದೆ. ಮಸೆದಾದ ಮೇಲೆ ತೆಂಗಿನೆಣ್ಣೆ ಸವರಿಡಿ, ಮಲೆನಾಡಿನ ಮಳೆಗೆ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ.

ಪೇಟೆಯವರಿಗೆ ಒಂದು ಮಾತು. ಮನೆಬಳಕೆಗೆ, ಕೃಷಿಗೆ ಮಾಡಿದ್ದನ್ನು ಬಿಟ್ಟು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿದ್ದರೆ ಅದು ನಮ್ಮ ಶಸ್ತ್ರಾಸ್ತ್ರ ನಿಯಮದಲ್ಲಿ ಆಯುಧವೇ. ತೋಟದಲ್ಲಿ ನನ್ನ ಸೊಂಟದ ಕೊಕ್ಕೆಯಲ್ಲಿರುವ ಕತ್ತಿಯನ್ನು ಯಾರೂ ಕೇಳುವುದಿಲ್ಲ. ಅದನ್ನೇ ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಜಾಂಬಿಗಿಂತ ಮೊದಲು ಪೊಲೀಸರು ಬರುತ್ತಾರೆ.

ಮರುದಿನ ಆಯುಧಪೂಜೆ. ಕತ್ತಿ, ಕೊಡಲಿ, ಹಾರೆ, ಗುದ್ದಲಿ, ಮೆಟ್ಟುಗತ್ತಿ ಎಲ್ಲ ತೊಳೆದು ಕುಂಕುಮ ಹಚ್ಚಿ ಸಾಲಾಗಿ ಇಟ್ಟೆವು. ಹುಡುಗನ ಮುಖ ನೋಡಲಾರದೆ ಮುರಿದ ಕಟಾನಾಕ್ಕೂ ಒಂದು ಸೇವಂತಿಗೆ ಇಟ್ಟೆ. ರಾತ್ರಿ ಮಲಗುವ ಹೊತ್ತಿಗೆ ಬಂದು ಕೇಳಿದ, 'ಚಿಕ್ಕಮ್ಮ, ಇವತ್ತೇ ಬಂದ್ರೆ?'

'ಪೂಜೆಗೆ ಇಟ್ಟ ಆಯುಧ ನಾಳೆ ತನಕ ಮುಟ್ಟೋ ಹಾಗಿಲ್ಲ. ಚಿಲಕ ಹಾಕ್ಕಂಡು ಮಲಗು ಮಾರಾಯ' ಅಂದೆ.