ಒಂದು ಹಳೆಯ ಹಾಡು, ಮೂರು ಸಾಫ್ಟ್‌ವೇರ್: ನನ್ನ ಹೋಮ್ ಸ್ಟುಡಿಯೊ ಹೊಸ ಮನೆ ಹುಡುಕಿದ ಬಗೆ

ಹನ್ನೊಂದು ವರ್ಷ ಧ್ವನಿಮುದ್ರಣದ ಒಂದೇ ಸಾಫ್ಟ್‌ವೇರ್‌ನಲ್ಲಿ ಹಾಡುಗಳನ್ನು ಮುದ್ರಿಸಿದವನು ನಾನು. ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಎಂಬುದು ಬೆರಳುಗಳಿಗೇ ಗೊತ್ತಿತ್ತು. ಅದನ್ನು ತಯಾರಿಸುತ್ತಿದ್ದ ಸಂಸ್ಥೆ ಕೈಬಿಟ್ಟಿತೆಂದು ತಿಳಿದಾಗಲೂ ತಲೆ ಕೆಡಿಸಿಕೊಳ್ಳಲಿಲ್ಲ, ಕೆಲಸ ನಡೆಯುತ್ತಿತ್ತಲ್ಲ. ಬಿಸಿ ಮುಟ್ಟಿದ್ದು ಕಂಪ್ಯೂಟರ್ ಬದಲಿಸಿದ ದಿನ. ಹೊಸ ಯಂತ್ರದಲ್ಲಿ ಪರವಾನಗಿ ಸಂಖ್ಯೆ ಕೊಟ್ಟು ಕಾದರೆ ಆ ಕಡೆಯ ಸರ್ವರ್ ಉತ್ತರಿಸುವುದೇ ಇಲ್ಲ. ನನ್ನ 43 ಹಾಡುಗಳು ಹಳೆಯ ಕಂಪ್ಯೂಟರಿನೊಳಗೆ ಉಳಿದವು. ಅದರ ಉಸಿರು ನಿಂತರೆ ಅವುಗಳದೂ ನಿಂತಂತೆ.

ಹಾಗಾಗಿ ಹೊಸದನ್ನು ಹುಡುಕಲು ಕೂತಾಗ ಎಲ್ಲಕ್ಕಿಂತ ಮೊದಲು ಕೇಳಿಕೊಂಡ ಪ್ರಶ್ನೆ ಇದು: ನಾಳೆ ಇದನ್ನೂ ಬಿಡಬೇಕಾಗಿ ಬಂದರೆ ನನ್ನ ಹಾಡುಗಳು ಹೊರಗೆ ಬರುತ್ತವೆಯೇ?

ಮೊದಲ ಜರಡಿಯಲ್ಲೇ ಹಲವು ಹೆಸರುಗಳು ಉದುರಿದವು. ಲಾಜಿಕ್ ಪ್ರೊ ಆಪಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ, ನನ್ನದು ವಿಂಡೋಸ್. ಪ್ರೊ ಟೂಲ್ಸ್ ಎಎಎಕ್ಸ್ ಮಾದರಿಯ ಪ್ಲಗಿನ್‌ಗಳನ್ನಷ್ಟೇ (ನಾದ ತಿದ್ದಲು, ವಾದ್ಯ ಸೇರಿಸಲು ಒಳಗೆ ಕೂರಿಸುವ ಪುಟ್ಟ ತಂತ್ರಾಂಶಗಳು) ಒಪ್ಪುತ್ತದೆ. ನನ್ನ ಬಳಿ ಇರುವುದೆಲ್ಲ ಸ್ಟೈನ್‌ಬರ್ಗ್ 1996ರಲ್ಲಿ ತಂದ ವಿಎಸ್‌ಟಿ ಮಾದರಿಯ ಸಂತತಿ. ಆಡಾಸಿಟಿಯ ಮೇಲೆ ನನಗೆ ಅಪಾರ ಪ್ರೀತಿ. ಒಂದು ಧ್ವನಿಯ ಗದ್ದಲ ತೆಗೆಯಲು, ಕತ್ತರಿಸಿ ಜೋಡಿಸಲು ಇವತ್ತಿಗೂ ಅದನ್ನೇ ತೆರೆಯುತ್ತೇನೆ. ಆದರೆ ಹಾಡು ಓಡುತ್ತಿರುವಾಗಲೇ ಪ್ರತಿಧ್ವನಿಯಂಥ ಎಫೆಕ್ಟ್ ಬದಲಿಸುವ ಅನುಕೂಲ ಅದಕ್ಕೆ ಬಂದದ್ದೇ 2022ರ 3.2 ಆವೃತ್ತಿಯಲ್ಲಿ. ವಾದ್ಯಕ್ಕೊಂದು, ಧ್ವನಿಗೊಂದರಂತೆ ಹತ್ತಾರು ಟ್ರ್ಯಾಕ್ ಇಟ್ಟುಕೊಂಡು ಮತ್ತೆ ಮತ್ತೆ ಹಾಡಿಸುವ ನನ್ನ ಪದ್ಧತಿಗೆ ಬೇರೆಯದು ಬೇಕಿತ್ತು. ಕೊನೆಗೆ ಕಣದಲ್ಲಿ ಉಳಿದವು ಮೂರು: ಕ್ಯೂಬೇಸ್, ಆರ್ಡರ್, ರೀಪರ್.

ಇವುಗಳ ಸೌಲಭ್ಯಗಳ ಪಟ್ಟಿ ಮಾಡಿ, ಒಂದೊಂದರ ಮುಂದೆ ಇದೆ, ಇಲ್ಲ ಎಂದು ಗುರುತು ಹಾಕಲು ಶುರುಮಾಡಿದೆ. ಒಂದು ಸಂಜೆ ಹಾಳಾಯಿತು. ಎಲ್ಲದರಲ್ಲೂ ಎಲ್ಲವೂ ಇದೆ! ಆ ಹಾಳೆಯನ್ನು ಪಕ್ಕಕ್ಕಿಟ್ಟು, ನನ್ನದೇ ಒಂದು ಹಳೆಯ ಹಾಡನ್ನು ಮೂರರಲ್ಲೂ ಮೊದಲಿನಿಂದ ಕಟ್ಟುವುದೆಂದು ತೀರ್ಮಾನಿಸಿದೆ. ನಾಲ್ಕು ನಿಮಿಷದ ಹಾಡು, ಒಂಬತ್ತು ಟ್ರ್ಯಾಕ್: ಪೂರ್ತಿ ಎಡಕ್ಕೊಂದು ಬಲಕ್ಕೊಂದು ಗಿಟಾರ್, ಬೇಸ್, ಪಿಟೀಲು, ಕೊಳಲು, ನನ್ನ ಧ್ವನಿ, ಅಕ್ಕನ ಎರಡನೆಯ ಧ್ವನಿಯ ಮೂರು ಟೇಕ್‌ಗಳು (ಒಂದೊಂದು ಸಲ ಹಾಡಿದ್ದು ಒಂದೊಂದು ಟೇಕ್). ತಾಳ ಹಿಡಿದುಕೊಡುವ ಕ್ಲಿಕ್ ಸದ್ದು ಹಾಕಿಕೊಳ್ಳದೆ ಹಾಡಿದ್ದರಿಂದ ಚರಣಕ್ಕೆ ಬರುವಾಗ ಲಯ ಸ್ವಲ್ಪ ಏರುತ್ತದೆ. ತೊಡಕೆಲ್ಲ ಒಂದೇ ಕಡೆ ಇರುವ ಹಾಡು ಇದಕ್ಕಿಂತ ಬೇರೆ ಸಿಗುತ್ತಿರಲಿಲ್ಲ.

ಪ್ರಾಜೆಕ್ಟ್ ಫೈಲನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹಾಗೆಯೇ ಒಯ್ಯುವ ಮಾರ್ಗಗಳು ಕೆಲವಿವೆ. ನನ್ನ ಹಳೆಯದಕ್ಕೆ ಅವು ಯಾವುವೂ ಸರಿಹೋಗಲಿಲ್ಲ. ಎಲ್ಲ ಕಡೆಯೂ ನಡೆಯುವ ದಾರಿ ಒಂದೇ: ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಫೈಲ್ ಆಗಿ ಹೊರತೆಗೆಯುವುದು. ಕೊಳಲು ಮೂರನೆಯ ನಿಮಿಷದಲ್ಲಿ ಬಂದರೂ ಅದರ ಫೈಲ್ ಸೊನ್ನೆಯಿಂದಲೇ ಆರಂಭವಾಗಬೇಕು. ಆಗ ಒಂಬತ್ತನ್ನೂ ಎಡ ಅಂಚಿಗೆ ತಾಗಿಸಿಟ್ಟರೆ ಹಾಡು ತಾನಾಗಿ ಕೂಡಿಕೊಳ್ಳುತ್ತದೆ. 24 ಬಿಟ್, 48 ಕಿಲೋಹರ್ಟ್ಜ್ ಗುಣಮಟ್ಟದಲ್ಲಿ ಒಂದು ಮೊನೊ (ಒಂದೇ ಚಾನೆಲ್‌ನ) ಟ್ರ್ಯಾಕ್‌ಗೆ ನಿಮಿಷಕ್ಕೆ 8.64 ಮೆಗಾಬೈಟ್ ಬೇಕು. ಈ ಹಾಡಿಗೆ 311 ಮೆಗಾಬೈಟ್. ಇದೇ ಲೆಕ್ಕದಲ್ಲಿ 43 ಹಾಡುಗಳೂ ಒಂದು ಸಣ್ಣ ಪೆನ್ ಡ್ರೈವ್‌ನಲ್ಲಿ ಹಿಡಿಯುತ್ತವೆ. ಇಷ್ಟು ಹಗುರವಾದ ಕೆಲಸವನ್ನು ಹನ್ನೊಂದು ವರ್ಷ ಮಾಡದೆ ಬಿಟ್ಟಿದ್ದೆನಲ್ಲ ಎಂದು ಮನಸ್ಸಿಗೆ ಚುಚ್ಚಿತು.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಪಿಟೀಲನ್ನು ಎಫೆಕ್ಟ್ ಇಲ್ಲದೆ ಮಾತ್ರ ಹೊರತೆಗೆದೆ, ಅನುರಣನವನ್ನು ಹೊಸ ಕಡೆ ಹಾಕಿದರಾಯಿತು ಎಂದುಕೊಂಡೆ. ಆ ಅನುರಣನ ಕೊಡುವ ರಿವರ್ಬ್ ಹಳೆಯ ಸಾಫ್ಟ್‌ವೇರ್‌ನ ಜೊತೆಗೇ ಬಂದದ್ದು, ಅದರೊಳಗೆ ಮಾತ್ರ ತೆರೆಯುವಂಥದ್ದು. ಪಿಟೀಲಿನ ಆ ಹಿನ್ನೆಲೆಯನ್ನು ಬೇರೆ ರಿವರ್ಬ್‌ನಲ್ಲಿ ಮರಳಿ ತರಲು ಎರಡು ರಾತ್ರಿ ಹೆಣಗಿದೆ. ಹತ್ತಿರ ಬಂದಿತು, ಅದೇ ಆಗಲಿಲ್ಲ. ಈಗ ಪ್ರತಿ ಟ್ರ್ಯಾಕನ್ನೂ ಎಫೆಕ್ಟ್ ಇಲ್ಲದೆ ಒಮ್ಮೆ, ಎಫೆಕ್ಟ್ ಸಹಿತ ಒಮ್ಮೆ ಹೊರತೆಗೆಯುತ್ತೇನೆ.

ಫೈಲ್‌ಗಳನ್ನು ಮೂರೂ ಹೊಸ ಸಾಫ್ಟ್‌ವೇರ್‌ಗಳಿಗೆ ಹಾಕಿ, ಪ್ರತಿ ಟ್ರ್ಯಾಕ್‌ನ ಸದ್ದನ್ನು ಏರಿಸಿ ಇಳಿಸುವ ಫೇಡರ್‌ಗಳನ್ನು ಹಳೆಯ ಅಂಕಿಗಳಿಗೇ ಇಟ್ಟು, ಯಾವ ಎಫೆಕ್ಟೂ ಇಲ್ಲದೆ ಕೇಳಿದಾಗ ಬೆರಗಾದೆ. ಒಂದರಲ್ಲಿ ನನ್ನ ಧ್ವನಿ ಮುಂದೆ ಬಂದು ನಿಂತಿತ್ತು, ಪದಗಳು ಬಿಡಿಸಿಟ್ಟ ಹಾಗೆ ಕೇಳುತ್ತಿದ್ದವು. ಇದರ ನಾದವೇ ಬೇರೆ ಎಂದು ಆ ಕ್ಷಣ ನಂಬಿಬಿಟ್ಟೆ. ಅಲ್ಲಿಗೇ ಆಯ್ಕೆ ಮುಗಿಸುತ್ತಿದ್ದೆನೇನೋ. ಆದರೂ ಒಂದು ಪರೀಕ್ಷೆ ಮಾಡಿ ನೋಡೋಣ ಎನಿಸಿತು. ಹಳೆಯದರಿಂದ ಹೊರತೆಗೆದ ಮಿಕ್ಸ್ ಮತ್ತು ಹೊಸದರಿಂದ ಹೊರತೆಗೆದ ಮಿಕ್ಸ್ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದರ ಪೊಲಾರಿಟಿಯನ್ನು, ಅಂದರೆ ಅಲೆಯ ಏರಿಳಿತವನ್ನು, ತಲೆಕೆಳಗಾಗಿಸಿ ಒಟ್ಟಿಗೆ ನುಡಿಸಿದೆ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಿಕೊಂಡು ಮೌನ ಉಳಿಯಬೇಕು. ಗಿಟಾರ್ ಎರಡೂ ಪೂರ್ತಿ ಮಾಯವಾದವು. ನಡುವಿನಲ್ಲಿದ್ದ ಧ್ವನಿ, ಬೇಸ್, ಪಿಟೀಲು ಮಾತ್ರ ಮೆಲ್ಲಗೆ, ಗೋಡೆಯಾಚೆ ಯಾರೋ ಹಾಡುತ್ತಿರುವಂತೆ ಉಳಿದವು.

ಕಾರಣ ಅಲ್ಲೇ ಸಿಕ್ಕಿತು. ಪ್ಯಾನ್ ಲಾ ಎಂಬ ಒಂದು ಸೆಟ್ಟಿಂಗ್ ಇದೆ. ನಡುವಿನಲ್ಲಿಟ್ಟ ಧ್ವನಿ ಎರಡೂ ಸ್ಪೀಕರ್‌ಗಳಿಂದ ಬರುವುದರಿಂದ ಜೋರಾಗಿ ಕೇಳುತ್ತದೆ, ಅದನ್ನು ಸರಿದೂಗಿಸಲು ಕೆಲವು ಸಾಫ್ಟ್‌ವೇರ್‌ಗಳು ನಡುವಿನದನ್ನು 3 ಡೆಸಿಬೆಲ್ ತಗ್ಗಿಸುತ್ತವೆ, ಕೆಲವು 4.5 ಅಥವಾ 6, ಕೆಲವು ತಗ್ಗಿಸುವುದೇ ಇಲ್ಲ. ನನ್ನ ಹಳೆಯದು 3 ತಗ್ಗಿಸುತ್ತಿತ್ತು, ಹೊಸದು ಸೊನ್ನೆಯಲ್ಲಿತ್ತು. ಅದನ್ನೂ 3ಕ್ಕೆ ಇಟ್ಟು ಮತ್ತೆ ನುಡಿಸಿದೆ. ಮೀಟರ್ ಅಲುಗಲಿಲ್ಲ. ಹೆಡ್‌ಫೋನ್‌ನಲ್ಲಿ ನನ್ನ ಉಸಿರಿನ ಸದ್ದೇ ಕೇಳುವಷ್ಟು ಮೌನ. ಮೂರು ಸಾಫ್ಟ್‌ವೇರ್‌ಗಳಲ್ಲೂ ಇದನ್ನೇ ಮಾಡಿದೆ, ಮೂರರಲ್ಲೂ ಮೌನವೇ ಸಿಕ್ಕಿತು. ಟ್ರ್ಯಾಕ್‌ಗಳನ್ನು ಕೂಡಿಸುವುದು ಬರಿಯ ಲೆಕ್ಕ, ಆ ಲೆಕ್ಕವನ್ನು ಮೂರೂ ಸರಿಯಾಗಿಯೇ ಮಾಡುತ್ತವೆ. ನಾದ ಚೆನ್ನಾಗಿದೆ ಎಂಬ ಕಾರಣಕ್ಕೆ ಸಾಫ್ಟ್‌ವೇರ್ ಬದಲಿಸಲು ಹೊರಟವರಿಗೆ ಈ ಹತ್ತು ನಿಮಿಷದ ಪರೀಕ್ಷೆಯನ್ನು ಕೈಮುಗಿದು ಶಿಫಾರಸು ಮಾಡುತ್ತೇನೆ.

ನಾದದ ಪ್ರಶ್ನೆ ಕಳಚಿದ ಮೇಲೆ ಉಳಿದದ್ದು ಹಾಡಿಸುವ ಕೆಲಸ. ಅಕ್ಕನನ್ನು ಕರೆದೆ. ಎರಡನೆಯ ಚರಣದ ಮೂರನೆಯ ಸಾಲಿನಲ್ಲಿ ಒಂದು ಪದ ಶ್ರುತಿಗಿಂತ ಕೊಂಚ ಕೆಳಗಿತ್ತು, ಅದನ್ನೇ ಮತ್ತೆ ಹಾಡಿಸುವುದು ಪರೀಕ್ಷೆ. ಹೆಡ್‌ಫೋನ್ ಹಾಕಿಕೊಂಡು ಎರಡು ಪದ ಹಾಡುವಷ್ಟರಲ್ಲಿ ಅವಳು ನಿಲ್ಲಿಸಿದಳು.

"ನನ್ನ ಹಿಂದೆಯೇ ಇನ್ನೊಬ್ಬಳು ಹಾಡುತ್ತಿದ್ದಾಳೆ ಕಣೋ, ಅವಳನ್ನು ಮೊದಲು ಆಚೆ ಕಳಿಸು."

ಮಿಕ್ಸಿಂಗ್‌ಗೆಂದು ಬಫರನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಧ್ವನಿಯ ತುಣುಕನ್ನು, 1024 ಸ್ಯಾಂಪಲ್‌ಗೆ ಏರಿಸಿದ್ದೆ, ಇಳಿಸಲು ಮರೆತಿದ್ದೆ. 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್‌ನಂತೆ, ಅದು ಒಳಬರಲು 21 ಮಿಲಿಸೆಕೆಂಡ್, ಹೊರಹೋಗಲು ಮತ್ತೆ 21. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಅಕ್ಕನಿಗೆ ತನ್ನದೇ ಧ್ವನಿ 14 ಮೀಟರ್ ಆಚೆಯಿಂದ ಬಂದಂತೆ ಕೇಳಿದೆ. 128ಕ್ಕೆ ಇಳಿಸಿದಾಗ ಹೋಗಿಬರಲು 5 ಮಿಲಿಸೆಕೆಂಡ್ ಚಿಲ್ಲರೆ, ಜೊತೆಗೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ತೆಗೆದುಕೊಳ್ಳುವ ಅಲ್ಪ ಸಮಯ. ಹಿಂದಿನವಳು ಹೊರಟುಹೋದಳು ಎಂದಳು ಅಕ್ಕ.

ಕೇಳಿಸಿಕೊಳ್ಳುವ ವಿಳಂಬ ಒಂದು, ಮುದ್ರಿಸಿದ್ದು ಸರಿಯಾದ ಜಾಗದಲ್ಲಿ ಕೂರುವುದು ಇನ್ನೊಂದು. ಎರಡನೆಯದನ್ನು ಪರೀಕ್ಷಿಸಲು ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಸಿಕ್ಕಿಸಿ, ಒಂದು ಚೂಪಾದ ಕ್ಲಿಕ್ ಸದ್ದನ್ನು ನುಡಿಸಿ, ಅದನ್ನೇ ಪಕ್ಕದ ಟ್ರ್ಯಾಕ್‌ನಲ್ಲಿ ಮುದ್ರಿಸಿದೆ. ಅಲೆಗಳನ್ನು ಹಿಗ್ಗಿಸಿ ನೋಡಿದರೆ ಮುದ್ರಿತ ಕ್ಲಿಕ್ 53 ಸ್ಯಾಂಪಲ್ ತಡವಾಗಿತ್ತು. ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಇಂಟರ್‌ಫೇಸ್‌ನ ಡ್ರೈವರ್ ತನ್ನ ವಿಳಂಬವನ್ನು ಕಡಿಮೆ ಹೇಳಿದಾಗ ಹೀಗಾಗುತ್ತದೆ. ಆರ್ಡರ್‌ನಲ್ಲಿ ಈ ಅಳತೆಗೆಂದೇ ಒಂದು ವ್ಯವಸ್ಥೆ ಇದೆ. ರೀಪರ್‌ನಲ್ಲಿ ಅಂಕಿಯನ್ನು ನಾವೇ ಬರೆದು ತಿದ್ದಬಹುದು. ಒಂದು ಟ್ರ್ಯಾಕ್‌ಗೆ ಇಷ್ಟು ತಡ ಕಿವಿಗೆ ತಿಳಿಯದು. ಆದರೆ ಮುದ್ರಿಸಿದ್ದನ್ನೇ ಹೊರಗೆ ಕಳಿಸಿ ಮತ್ತೆ ಮುದ್ರಿಸುವ ಅಭ್ಯಾಸವಿದ್ದರೆ ತಪ್ಪು ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ.

ನನ್ನ ಮನಸ್ಸು ಗಟ್ಟಿಯಾದದ್ದು ಮಾತ್ರ ಇದರ ಮುಂದಿನ ಹಂತದಲ್ಲಿ. ಅಕ್ಕ ಪ್ರತಿ ಸಲ "ಇನ್ನೊಮ್ಮೆ" ಎಂದಾಗ, ಅವಳು ಮತ್ತೆ ಹಾಡಲು ಶುರುಮಾಡುವವರೆಗೆ ನನ್ನ ಕೈ ಎಷ್ಟು ಕೆಲಸ ಮಾಡಬೇಕು ಎಂದು ಎಣಿಸಿದೆ. ಹಿಂದಕ್ಕೆ ಹೋಗು, ಹಳೆಯ ಟೇಕನ್ನು ಪಕ್ಕಕ್ಕಿಡು, ಆರಂಭದ ಜಾಗ ಗುರುತಿಸು, ಮುದ್ರಣ ಶುರುಮಾಡು. ಒಂದರಲ್ಲಿ ಏಳು ಸಲ ಕೈಯಾಡಿಸಬೇಕಾಯಿತು, ಇನ್ನೊಂದರಲ್ಲಿ ನಾಲ್ಕು ಸಲ. ರೀಪರ್‌ನಲ್ಲಿ ಹಲವು ಕ್ರಿಯೆಗಳನ್ನು ಪೋಣಿಸಿ ಒಂದೇ ಕೀಲಿಗೆ ಕಟ್ಟಬಹುದು, ಹಾಗೆ ಕಟ್ಟಿದ ಮೇಲೆ ಎರಡು ಸಾಕಾಯಿತು. ಹಾಡುವವರ ಗಂಟಲಲ್ಲಿ ಆ ಭಾವ ಆರಿಹೋಗಲು ಹತ್ತು ಸೆಕೆಂಡ್ ಸಾಕು. ನಾನು ಮೌಸ್ ಹುಡುಕುತ್ತಿರುವಾಗ ಅಕ್ಕನ ಮುಖದಲ್ಲಿ ಅದು ಆರುವುದನ್ನು ಎದುರಿಗೇ ನೋಡಿದ್ದೇನೆ.

ಆ ಪದವನ್ನು ಐದು ಸಲ ಹಾಡಿದಳು. ಪದವನ್ನಷ್ಟೇ ಮುದ್ರಿಸಿದರೆ ಅದರ ಹಿಂದಿನ ಉಸಿರು ಹಳೆಯ ಟೇಕಿನದೇ ಉಳಿದು, ಉಸಿರಿಗೂ ಸ್ವರಕ್ಕೂ ಸಂಬಂಧ ತಪ್ಪುತ್ತದೆ. ಅದಕ್ಕೇ ಸಾಲಿನ ಆರಂಭದಿಂದ ಮುದ್ರಿಸಿ, ಅಂಚನ್ನು ಎಡಕ್ಕೆ ಎಳೆದು, ಹೊಸ ಉಸಿರು ಪೂರ್ತಿ ಒಳಗೆ ಬರುವಂತೆ ಮಾಡಿದೆ. 2023ರಲ್ಲಿ ಬಂದ ರೀಪರ್‌ನ 7ನೆಯ ಆವೃತ್ತಿಯಲ್ಲಿ ಟೇಕ್‌ಗಳನ್ನು ಒಂದರ ಕೆಳಗೊಂದು ಸಾಲಾಗಿಟ್ಟು ಬೇಕಾದ ತುಣುಕನ್ನು ಎಳೆದು ಆರಿಸಬಹುದು. ಮೂರನೆಯ ಟೇಕಿನ ಉಸಿರು, ಪದ ಎರಡೂ ಸೇರಿದವು. ಕಣ್ಣು ಮುಚ್ಚಿ ಕೇಳಿದರೆ ಬೆಸುಗೆ ಎಲ್ಲಿದೆ ಎಂದು ನನಗೇ ಗೊತ್ತಾಗುವುದಿಲ್ಲ.

ಲಯದ ವಿಷಯದಲ್ಲಿ ಒಂದೇ ಮಾತು: ಕ್ಲಿಕ್ ಇಲ್ಲದ ಹಾಡನ್ನು ತಂದ ಕೂಡಲೇ ಟ್ರ್ಯಾಕ್‌ಗಳು ಸಮಯಕ್ಕೆ ಅಂಟಿಕೊಳ್ಳುವಂತೆ ಸೆಟ್ಟಿಂಗ್ ಬದಲಿಸಿ. ಇಲ್ಲವಾದರೆ ಟೆಂಪೊ ಅಂಕಿ ಮುಟ್ಟಿದೊಡನೆ ಎಲ್ಲ ತುಣುಕುಗಳೂ ಜಾಗ ಬಿಟ್ಟು ಓಡುತ್ತವೆ.

ರೀಪರನ್ನು ಆರಿಸಿಕೊಂಡೆ. ಪೂರ್ಣ ರೂಪದಲ್ಲಿ 60 ದಿನ ಪರೀಕ್ಷಿಸಲು ಕೊಟ್ಟದ್ದು ನೆರವಾಯಿತು, ಯಾವ ಟ್ರ್ಯಾಕನ್ನು ಬೇಕಾದರೂ ಫೋಲ್ಡರ್ ಮಾಡಿ ಉಳಿದವನ್ನು ಅದರೊಳಗೆ ಇಡುವ ಸರಳತೆ ಹಿಡಿಸಿತು. ಆದರೆ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೇರೆ ಕಡೆ. ಅದರ ಪ್ರಾಜೆಕ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಓದಲು ಬರುವ ಸಾದಾ ಅಕ್ಷರಗಳು! ಟ್ರ್ಯಾಕ್‌ಗಳ ಹೆಸರು, ಯಾವ ತುಣುಕು ಎಷ್ಟನೆಯ ಸೆಕೆಂಡಿಗೆ ಆರಂಭ, ಯಾವ ವೇವ್ ಫೈಲ್‌ನಿಂದ ಬಂದದ್ದು, ಫೇಡರ್ ಎಷ್ಟರಲ್ಲಿದೆ, ಎಲ್ಲವೂ ಸಾಲುಸಾಲಾಗಿ ಇದ್ದವು. ಆರ್ಡರ್‌ನದೂ ಹೀಗೆಯೇ ತೆರೆದ ಎಕ್ಸ್‌ಎಂಎಲ್ ಫೈಲ್, ಮೇಲಾಗಿ ಅದರ ಮೂಲ ಸಂಕೇತವೇ ಎಲ್ಲರಿಗೂ ಮುಕ್ತ. ಈ ಒಂದು ಅಂಶದಲ್ಲಿ ಅದೇ ಮುಂದು, ಲಿನಕ್ಸ್ ಬಳಸುವವರು ಅದನ್ನು ಮೊದಲು ನೋಡಬೇಕು. ನನ್ನನ್ನು ರೀಪರ್ ಕಡೆಗೆ ಸೆಳೆದದ್ದು ಆ ಎರಡು ಕೀಲಿಗಳ ವೇಗ.

ಈವರೆಗೆ 34 ಹಾಡುಗಳು ಹೊರಬಂದಿವೆ. ಪ್ರತಿಯೊಂದರ ಜೊತೆ ಟೆಂಪೊ, ಪ್ಯಾನ್, ಫೇಡರ್ ಅಂಕಿಗಳನ್ನು ಬರೆದ ಒಂದು ಪಠ್ಯದ ಫೈಲ್ ಇದೆ, ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಪ್ರತಿಗಳಿವೆ. ಇನ್ನು ಒಂಬತ್ತು ಉಳಿದಿವೆ. ಅವು ಮುಗಿಯುವ ತನಕ ಹಳೆಯ ಕಂಪ್ಯೂಟರನ್ನು ಅಪ್‌ಡೇಟ್ ಮಾಡುವುದಿಲ್ಲ, ಅಂತರ್ಜಾಲಕ್ಕೂ ಸೇರಿಸುವುದಿಲ್ಲ.