ಆಮ್ಲ-ಕ್ಷಾರದ ಊಟ: ಪಿಎಚ್ ಪಟ್ಟಿ ಬಿಡಿ, ತಟ್ಟೆ ನೋಡಿ

ಕೆಲವು ಆಹಾರ ರಕ್ತವನ್ನು ಆಮ್ಲ ಮಾಡುತ್ತದೆ, ‘ಕ್ಷಾರದ ಊಟ’ ಮಾಡಿದರೆ ಸರಿಹೋಗುತ್ತದೆ ಅನ್ನುವ ಮಾತು ಕೇಳಿ, ಮೂತ್ರ ಪರೀಕ್ಷೆ ಮಾಡಿಕೊಳ್ಳೋಣ ಅಂತ ಪಿಎಚ್ ಪಟ್ಟಿ (ಆಮ್ಲವೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದ) ತಂದಿಟ್ಟುಕೊಂಡಿದ್ದೀರಾ? ಮೊದಲು ಅದನ್ನು ಡ್ರಾಯರಿಗೆ ಹಾಕಿ ಮುಚ್ಚಿ. ನಾನೂ ಒಂದಷ್ಟು ದಿನ ಬೆಳಗ್ಗೆ ಎದ್ದು ಬಣ್ಣ ನೋಡಿ ಖುಷಿಪಟ್ಟು, ಸಂಜೆ ಅದೇ ಬಣ್ಣ ನೋಡಿ ಬೇಜಾರು ಮಾಡಿಕೊಂಡವನೇ. ಆ ಪಟ್ಟಿ ತೋರಿಸುವುದು ಕಿಡ್ನಿ ಹೊರಗೆ ಹಾಕಿದ್ದನ್ನು ಮಾತ್ರ. ಕಸದ ಬುಟ್ಟಿ ತುಂಬಿದೆ ಅಂದರೆ ಮನೆ ಗುಡಿಸಿದ್ದಾರೆ ಅಂತ ಅರ್ಥ, ಅಲ್ವಾ?

ಪಿಎಚ್ 7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಮೂತ್ರದ ಪಿಎಚ್ 4.5ರಿಂದ 8ರವರೆಗೆ ಎಲ್ಲಿ ಬೇಕಾದರೂ ಓಡಾಡುತ್ತದೆ. ರಕ್ತದ್ದು ಹಾಗಲ್ಲ. ಅದು 7.35ರಿಂದ 7.45ರ ನಡುವೆಯೇ ಇರಬೇಕು, ನೀವು ಏನೇ ತಿಂದರೂ ಅಲ್ಲೇ ಇರುತ್ತದೆ. ಇದನ್ನು ಕಾಯುವುದು ರಕ್ತದಲ್ಲಿರುವ, ಆಮ್ಲವನ್ನು ತಣಿಸುವ ಬೈಕಾರ್ಬನೇಟ್, ಶ್ವಾಸಕೋಶ ಮತ್ತು ಕಿಡ್ನಿ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದಲ್ಲ, ಆಗ ದೇಹ ಹೆಚ್ಚಾದ ಇಂಗಾಲದ ಡೈಆಕ್ಸೈಡನ್ನು ಆಚೆ ತಳ್ಳಿ ರಕ್ತ ಆಮ್ಲದ ಕಡೆ ವಾಲದಂತೆ ನೋಡಿಕೊಳ್ಳುತ್ತಿರುತ್ತದೆ. ನಿಮ್ಮನ್ನು ಕೇಳುವುದೂ ಇಲ್ಲ.

ಹಾಗಾದರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ? ಇದೆ, ಆದರೆ ರಕ್ತದಲ್ಲಲ್ಲ, ಕಿಡ್ನಿಯ ಕೆಲಸದಲ್ಲಿ. ಮಾಂಸ, ಮೀನು, ಮೊಟ್ಟೆ, ಚೀಸ್, ಧಾನ್ಯಗಳ ಪ್ರೋಟೀನಿನಲ್ಲಿ ಗಂಧಕ ಇರುವ ಅಮೈನೋ ಆಮ್ಲಗಳಿವೆ. ಅವು ಕರಗಿದಾಗ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ, ಅದನ್ನು ಸಾಗಹಾಕುವ ಹೊಣೆ ಕಿಡ್ನಿಯದು. ಹಣ್ಣು ತರಕಾರಿಯಲ್ಲಿ ಪೊಟ್ಯಾಸಿಯಂ ಜೊತೆ ಸಿಟ್ರೇಟ್, ಮ್ಯಾಲೇಟ್ ಅಂತ ಲವಣಗಳಿವೆ, ಅವು ದೇಹದಲ್ಲಿ ಉರಿದು ಬೈಕಾರ್ಬನೇಟ್ ಆಗುತ್ತವೆ. ಅದಕ್ಕೇ ಬಾಯಿಗೆ ಹುಳಿಯಾದ ನಿಂಬೆ, ಆಮ್ಲ-ಕ್ಷಾರದ ಆಹಾರಗಳ ಪಟ್ಟಿಗಳಲ್ಲಿ ಕ್ಷಾರದ ಕಡೆ ಇರುವುದು, ಹುಳಿಯೇ ಇಲ್ಲದ ಗಟ್ಟಿ ಚೀಸ್ ಆಮ್ಲದ ಕಡೆ ಮೇಲೆಯೇ ಕೂತಿರುವುದು. ಇದನ್ನು ಲೆಕ್ಕ ಹಾಕಲು ರೆಮರ್ ಮತ್ತು ಮಾಂಜ್ ಎಂಬ ಸಂಶೋಧಕರು 1995ರಲ್ಲಿ ಒಂದು ಸೂತ್ರ ಕೊಟ್ಟರು. ಅವರು ಅಂದಾಜು ಮಾಡಿದ್ದು ಕಿಡ್ನಿಯ ಮೇಲೆ ಬೀಳುವ ಹೊರೆಯನ್ನು. ಅದು ‘ರಕ್ತ ಹುಳಿಯಾಗುತ್ತದೆ’ ಅಂತ ಆಗಿದ್ದು ಆಮೇಲೆ, ಬಾಯಿಂದ ಬಾಯಿಗೆ.

ಈಗ ತಟ್ಟೆಗೆ ಬರೋಣ. ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು ತುಂಬಿಸಿ. ದಿನಕ್ಕೆ ಕನಿಷ್ಠ 400 ಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ತಿನ್ನುವವರಾದರೆ ಮೊಟ್ಟೆ, ಮೀನು, ಮಾಂಸ ಇರಲಿ. ಇವನ್ನು ‘ಆಮ್ಲ’ ಅಂತ ಹೆದರಿ ಪೂರ್ತಿ ಬಿಡಬೇಡಿ, ವಯಸ್ಸಾದವರಂತೂ ಬಿಡಲೇಬಾರದು, ಪ್ರೋಟೀನ್ ಕಡಿಮೆಯಾದರೆ ಸ್ನಾಯು ಕರಗುತ್ತದೆ. ಕೋಲಾ, ಪ್ಯಾಕೆಟ್ ತಿಂಡಿ, ಜಾಸ್ತಿ ಉಪ್ಪು ಕಡಿಮೆ ಮಾಡಿ. ಕ್ಷಾರದ ಊಟ ಮಾಡಿ ಹಗುರವಾಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಅವರಿಗೆ ಗುಣ ಕೊಟ್ಟಿದ್ದು ಪಿಎಚ್ ಅಲ್ಲ, ಕೋಲಾ ಬಿಟ್ಟು ಸೊಪ್ಪು ತಿಂದದ್ದು.

ದುಡ್ಡು ಕೊಟ್ಟು ಕ್ಷಾರದ ನೀರು ಕುಡಿಯುವುದಂತೂ ನೀರಲ್ಲಿ ಹೋಮ ಮಾಡಿದ ಹಾಗೆ. ಜಠರದ ಪಿಎಚ್ ಸುಮಾರು 1.5ರಿಂದ 3.5, ಆ ನೀರಿನ ಕ್ಷಾರ ಅಲ್ಲಿಗೆ ಇಳಿದ ಕೂಡಲೇ ಮುಗಿಯಿತು. ಅಡುಗೆ ಸೋಡಾ ಕಲಸಿ ದಿನಾ ಕುಡಿಯುವುದು ಇನ್ನೂ ಕೆಟ್ಟದ್ದು. ಒಂದು ಟೀ ಚಮಚದಲ್ಲೇ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ, ದಿನಕ್ಕೆ 2,000 ದಾಟಬಾರದು ಅನ್ನುವಾಗ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯಿತು. ಬಿಪಿ ಇರುವವರು ಅದರ ಹತ್ತಿರವೂ ಹೋಗಬೇಡಿ.

ನಿಂಬೆ ನೀರು ಇಷ್ಟವಾದರೆ ಕುಡಿಯಿರಿ, ತಪ್ಪೇನಿಲ್ಲ. ಹಲ್ಲನ್ನು ಮಾತ್ರ ನೋಡಿಕೊಳ್ಳಿ. ಕಿಡ್ನಿಗೆ ಕ್ಷಾರವಾದದ್ದು ಹಲ್ಲಿಗೆ ಆಮ್ಲವೇ, ಬಾಯಿಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ ಎನಾಮಲ್ ಸವೆಯತೊಡಗುತ್ತದೆ. ಗಂಟೆಗಟ್ಟಲೆ ಚೂರುಚೂರೇ ಹೀರುತ್ತಾ ಕೂರಬೇಡಿ. ಕುಡಿದು ಮುಗಿಸಿ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಬ್ರಷ್ ಮಾಡಿ.

ಎಲ್ಲರೂ ಎಡವುವ ಜಾಗ ಇನ್ನೊಂದಿದೆ: ಅಸಿಡಿಟಿ. ಎದೆಯುರಿಗೂ ರಕ್ತದ ಆಮ್ಲಕ್ಕೂ ಸಂಬಂಧವಿಲ್ಲ. ಅನ್ನನಾಳದ ತುದಿಯ ಬಾಗಿಲು ಸಡಿಲವಾಗಿ ಜಠರದ ಆಮ್ಲ ಮೇಲೆ ಬಂದರೆ ಅದು ಎದೆಯುರಿ. ತಮಾಷೆ ಏನೆಂದರೆ, ಕ್ಷಾರದ ಆಹಾರಗಳ ಪಟ್ಟಿಯಲ್ಲಿರುವ ಟೊಮ್ಯಾಟೊ, ಕಿತ್ತಳೆಯೇ ಎಷ್ಟೋ ಜನರಿಗೆ ಉರಿ ಹೆಚ್ಚಿಸುತ್ತವೆ. ಹಾಗಾಗಿ ಉರಿ ಇದ್ದವರು ಆ ಪಟ್ಟಿ ಹಿಡಿದು ಹೋದರೆ ಕೆಟ್ಟರು. ಅದರ ಬದಲು ರಾತ್ರಿ ಊಟ ಕಡಿಮೆ ಮಾಡಿ, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಸಿ. ಮಂಚದ ತಲೆ ಕಡೆ ಸ್ವಲ್ಪ ಎತ್ತರಿಸಿ, ಎಡಕ್ಕೆ ತಿರುಗಿ ಮಲಗಿ.

ಕ್ಷಾರದ ಊಟದಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವವರಿಂದ ದೂರ ಇರಿ. ಗಡ್ಡೆಯ ಸುತ್ತ ಆಮ್ಲ ಇರುವುದು ನಿಜ, ಆದರೆ ಅದನ್ನು ಮಾಡುವುದು ಗಡ್ಡೆಯೇ, ನಿಮ್ಮ ಊಟವಲ್ಲ.

ಹಾಗಾದರೆ ಪಿಎಚ್ ನಿಜವಾಗಿ ಯಾರಿಗೆ ಮುಖ್ಯ? ಯೂರಿಕ್ ಆಮ್ಲದ ಕಲ್ಲು ಆಗುವವರಿಗೆ. ಮೂತ್ರ ತುಂಬಾ ಆಮ್ಲೀಯವಾಗಿದ್ದರೆ ಈ ಕಲ್ಲು ಕಟ್ಟುತ್ತದೆ, ಡಾಕ್ಟರು ಪೊಟ್ಯಾಸಿಯಂ ಸಿಟ್ರೇಟ್ ಕೊಡುವುದು ಅದಕ್ಕೇ. ಅಂಥವರು ಡ್ರಾಯರಿನಿಂದ ಪಟ್ಟಿ ಆಚೆ ತೆಗೆಯಬಹುದು. ಕಿಡ್ನಿ ದುರ್ಬಲವಾದವರಿಗೂ ಮುಖ್ಯ, ಆದರೆ ಅವರು ಸುಮ್ನೆ ಹಣ್ಣು ತರಕಾರಿ ಹೆಚ್ಚಿಸುವಂತಿಲ್ಲ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು, ರಕ್ತ ಪರೀಕ್ಷೆ ಮಾಡಿಸಿ, ಕೇಳಿಯೇ ತಿನ್ನಿ.

ಮತ್ತೆ ಡಯಾಬಿಟಿಸ್ ಇರುವವರ ಮನೆಯವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ. ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರಾಟ, ಬಾಯಿಯಿಂದ ಹಣ್ಣಿನಂಥ ವಾಸನೆ ಬಂದರೆ ಅದು ಕೀಟೋಅಸಿಡೋಸಿಸ್ ಇರಬಹುದು, ಆಗ ರಕ್ತ ನಿಜವಾಗಿಯೂ ಆಮ್ಲೀಯವಾಗಿರುತ್ತದೆ. ನಿಂಬೆ ನೀರು, ಸೋಡಾ ಅಂತ ಹುಡುಕುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.